ಕೋಡಿಯಿಲ್ಲದ ಕಟ್ಟ

ಕೃಷ್ಣರಾಜ ರಾಯರು ಹೋದ ಸುದ್ದಿ ಬಂದಾಗ ಜಲಜಾಕ್ಷಮ್ಮ ತುಳಸಿಗೆ ನೀರೆರೆಯುತ್ತಿದ್ದರು. ವೇಲಚೇರಿಯಲ್ಲಿ ಅವರ ಮನೆ ಹೋಟೆಲಿನ ಬೆನ್ನಿಗೆ ಅಂಟಿಕೊಂಡೇ ಇತ್ತು. ರುಬ್ಬುವ ಯಂತ್ರದ ಸದ್ದು, ಪಾತ್ರೆಗಳ ಸದ್ದು, ಮಾಣಿಗಳ ಜಗಳ ಎಲ್ಲವೂ ಮನೆಯೊಳಗೆ ಕೇಳಿಸುತ್ತಿತ್ತು. ಆ ಬೆಳಿಗ್ಗೆ ಮೊದಲ ಇಡ್ಲಿ ಇಳಿದು ಗಿರಾಕಿಗಳು ಕೂತಾಗಿತ್ತು. ಗಲ್ಲಾದಲ್ಲಿ ಮಾತ್ರ ರಾಯರಿರಲಿಲ್ಲ. "ಅಪ್ಪ ಇನ್ನೂ ಮೀನುಗಳಿಗೆ ಸುಪ್ರಭಾತ ಹಾಡಿ ಮುಗಿಸಿಲ್ಲ ಕಾಣ್ತದೆ" ಎಂದು ಮಗ ಸುಕೇಶ ನಗುತ್ತ ತಾನೇ ಅಲ್ಲಿ ಕೂತಿದ್ದ.

ಶೀನ ಹಿತ್ತಲ ಬಾಗಿಲಿನಿಂದ ಬಂದ. ಅವನು ರಾಯರ ಊರಿನವನೇ, ಮೀಸೆ ಮೂಡುವ ಮೊದಲು ಅವರ ಹಿಂದೆ ಮದರಾಸಿಗೆ ಬಂದು, ಹೋಟೆಲಿನಲ್ಲೇ ತಲೆ ನರೆಸಿಕೊಂಡವನು. ಮುಂಡು ಮೊಣಕಾಲಿನವರೆಗೆ ಕೆಸರಾಗಿತ್ತು.

"ಅಮ್ಮ, ಧಣಿಗಳು ಕಟ್ಟದ ಹತ್ರ ಮಲಗಿದ್ದಾರೆ."

"ಮಲಗುವುದೆಂತ? ಸೊಂಟ ಹಿಡಿಯಿತಾ?"

ಶೀನ ತಲೆ ತಗ್ಗಿಸಿದ. "ಕರೆದೆ, ಅಮ್ಮ. ಕರೆದೆ, ಕರೆದೆ. ಏಳಲಿಲ್ಲ."

ಜಲಜಾಕ್ಷಮ್ಮ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. ಅದು ಉರುಳಿತು. ಎತ್ತಿಡಲು ಅವರಿಗೆ ತೋಚಲಿಲ್ಲ.

ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅವರು ಎಚ್ಚರ ತಪ್ಪಿರಬೇಕು, ಎಚ್ಚರ ತಪ್ಪಿರಬೇಕು ಎಂದೇ ಅಂದುಕೊಂಡರು. ರಾಯರು ತಾವೇ ಕೆರೆಗೆ ಹಾಕಿದ್ದ ಮಣ್ಣಿನ ಕಟ್ಟದ ನೆತ್ತಿಯ ಮೇಲೂ ಇರಲಿಲ್ಲ, ನೀರಿನ ಬದಿಗೂ ಇರಲಿಲ್ಲ. ಹೊರಗಿನ ಇಳಿಜಾರಿನಲ್ಲಿ, ಹುಲ್ಲಿಗೆ ಕೆನ್ನೆ ಕೊಟ್ಟು, ನೆಲದೊಳಗೆ ಯಾರೋ ಮಾತಾಡುವುದನ್ನು ಕೇಳುವವರ ಹಾಗೆ ಬಿದ್ದಿದ್ದರು. ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ಜಾರಿ ಬಿದ್ದಿರಬೇಕು, ಬಿದ್ದ ಆಘಾತಕ್ಕೆ ಹೀಗಾಯಿತು ಎಂದು ಸೇರಿದವರು ಹೇಳಿದರು. ಸುಕೇಶ ಅಪ್ಪನ ಕಾಲು ಹಿಡಿದುಕೊಂಡು ಚಿಕ್ಕ ಮಗುವಿನಂತೆ ಅತ್ತ.

ಹೆಣವನ್ನು ಮೀಯಿಸುವಾಗ ಜಲಜಾಕ್ಷಮ್ಮ ಕೈಗಳನ್ನು ನೋಡಿದರು. ಎರಡು ಕೈಗೂ ಮೊಣಕೈಯವರೆಗೆ ಬೂದು ಬಣ್ಣದ ಜೇಡಿಮಣ್ಣು ಮೆತ್ತಿಕೊಂಡು ಒಣಗಿತ್ತು. ಉಗುರುಗಳ ಒಳಗೆಲ್ಲ ಮಣ್ಣು. ಬಲಗೈಯ ಮುಷ್ಟಿ ಬಿಡಿಸಿದರೆ ಒಳಗೆ ಬೈಹುಲ್ಲಿನ ಸಿಂಬೆ, ಗೋಣಿಯ ನಾರು. ಜಾರಿ ಬಿದ್ದವನ ಕೈಗೆ ಮೊಣಕೈಯವರೆಗೆ ಮಣ್ಣಾಗುವುದಿಲ್ಲ. ಅವರು ಹೊಳೆಬದಿಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವರು. ತೂತಿಗೆ ಹುಲ್ಲು ತುರುಕುವವನ ಕೈ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಟ್ಟ ಸೋರುತ್ತಿದೆ. ಇವರು ಅದನ್ನು ಮುಚ್ಚುತ್ತ ಮುಚ್ಚುತ್ತ ಹೋದರು.

ಅಳುವವರ ನಡುವೆ ಈ ಮಾತನ್ನು ಯಾರಿಗೆ ಹೇಳುವುದು? ಅವರು ಬಿಸಿನೀರು ಹೊಯ್ದು ಆ ಕೈಗಳನ್ನು ತಿಕ್ಕಿ ತಿಕ್ಕಿ ತೊಳೆದರು. ದುಃಖ ಬರಬೇಕಾದ ಜಾಗದಲ್ಲಿ ಹೆದರಿಕೆ ಬಂದು ಕೂತದ್ದಕ್ಕೆ ಅವರಿಗೇ ನಾಚಿಕೆಯಾಯಿತು.

*

ಬಾರಕೂರಿನ ಆಚೆ ರಾಯರ ಊರಿನಲ್ಲಿ ವರ್ಷ ವರ್ಷವೂ ಕಟ್ಟ ಕಟ್ಟುತ್ತಾರೆ. ಮಳೆಗಾಲ ಹಿಂದೆ ಸರಿದು ತೋಡಿನ ನೀರು ಸಣ್ಣದಾದಾಗ ನೆರೆಕರೆಯವರೆಲ್ಲ ಸೇರಿ ತೋಡಿಗೆ ಅಡ್ಡವಾಗಿ ಮಣ್ಣು, ಸೊಪ್ಪು, ತೆಂಗಿನ ಕಾಂಡ ಹಾಕಿ ತುಳಿದು ಒಡ್ಡು ಏರಿಸುತ್ತಾರೆ. ನೀರು ನಿಂತು ಸುಗ್ಗಿಯ ಗದ್ದೆಗೆ ಆಗುತ್ತದೆ. ಮತ್ತೆ ಮುಂಗಾರು ಬರುವ ಮೊದಲು ಕಟ್ಟಿದವರೇ ಹೋಗಿ ಅದನ್ನು ಕಡಿದು ನೀರಿಗೆ ದಾರಿ ಬಿಡುತ್ತಾರೆ. ಅರ್ಧ ವರ್ಷದ ಆಯುಸ್ಸಿನ ಕಟ್ಟ ಅದು. ಹಾಗಾಗಿ ಅದಕ್ಕೆ ಕೋಡಿ ಇಡುವ ಪದ್ಧತಿ ಇಲ್ಲ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯಲು ಬಿಡುವ ದಾರಿಯೇ ಕೋಡಿ. ದೊಡ್ಡ ಮಳೆಯನ್ನೇ ಕಾಣದ ಕಟ್ಟಕ್ಕೆ ಅದೇಕೆ?

ರಾಯರಿಗೆ ಗೊತ್ತಿದ್ದದ್ದು ಆ ಒಂದೇ ವಿದ್ಯೆ.

ಅವರು ಹುಡುಗನಾಗಿ ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಬಿಡುವಿಗೆ ವೇಲಚೇರಿಯ ತೆಂಕು ಬದಿಯ ಜವುಗು ನೆಲಕ್ಕೆ ನಡೆದುಹೋಗಿ ಹಕ್ಕಿ ನೋಡುತ್ತ ಕೂರುತ್ತಿದ್ದರಂತೆ. ಆಮೇಲೆ ಫ್ಲಾಟುಗಳು ಬಂದವು. ಲಾರಿಗಳು ಹಗಲಿಡೀ ಕಲ್ಲು ಮಣ್ಣು ತಂದು ಸುರಿದವು. ಒಂದು ದಿನ ಹಾಗೆ ಸುರಿದ ಮಣ್ಣಿನ ಅಡಿಯಿಂದ ಮೀನುಗಳು ಹೊರಗೆ ಬಿದ್ದು ಒದ್ದಾಡುವುದನ್ನು ರಾಯರು ಕಂಡರು. ಮನೆಗೆ ಬಂದವರು ಊಟ ಮಾಡಲಿಲ್ಲ. ಮನೆ ಕಟ್ಟಲೆಂದು ಜವುಗಿನ ಅಂಚಿನಲ್ಲಿ ಅವರದೊಂದು ತಗ್ಗು ನೆಲ ಇತ್ತು, ನಡುವೆ ಒಂದು ಹಳ್ಳ ಹಾದಿತ್ತು. "ಮನೆ ಬೇಡ. ಅಲ್ಲಿ ನೀರು ನಿಲ್ಲಿಸ್ತೇನೆ" ಎಂದರು.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವುದರೊಳಗೆ ಶೀನನನ್ನೂ ನಾಲ್ಕು ಮಾಣಿಗಳನ್ನೂ ಕರೆದುಕೊಂಡು ಹೋಗಿ ಹಳ್ಳಕ್ಕೆ ಅಡ್ಡ ಕಟ್ಟ ಹಾಕಿದರು. ಹಲಗೆಯಷ್ಟು ದಪ್ಪಕ್ಕೆ ಮಣ್ಣು ಹಾಕುವುದು, ಕಾಲಿನಲ್ಲಿ ತುಳಿಯುವುದು, ಮತ್ತೆ ಹಾಕುವುದು. ಒಣಗುವ ಕೆರೆಗಳಿಂದ ಹಾಲಿನ ಕ್ಯಾನಿನಲ್ಲಿ ಮೀನು ಹೊತ್ತು ತಂದರು. ಆ ಕ್ಯಾನನ್ನು ಜಲಜಾಕ್ಷಮ್ಮ ಮತ್ತೆ ಅಡಿಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ.

"ಏನ್ ರಾಯರೇ, ನಾಳೆಯಿಂದ ಮೀನು ಸಾಂಬಾರಾ?" ಎಂದು ಗಿರಾಕಿಗಳು ಕೆಣಕುತ್ತಿದ್ದರು.

"ನಿಮಗೆಲ್ಲಿಂದ ಹಾಕುವುದು? ಒಂದು ಇಡ್ಲಿಗೆ ಮೂರು ಸಲ ಸಾಂಬಾರು ಕೇಳುವವರು ನೀವು, ಮೀನಿಗೆ ಈಜಲಿಕ್ಕೂ ಉಳಿಯುವುದಿಲ್ಲ" ಎಂದು ರಾಯರು ಹೇಳುತ್ತಿದ್ದರು.

ನೀರು ನಿಂತಿತು, ಜೊಂಡು ಬೆಳೆಯಿತು. ಕೊಕ್ಕರೆ, ನೀರುಕಾಗೆ, ಜಂಬುಕೋಳಿ ಒಂದೊಂದಾಗಿ ಬಂದವು. ಹಣೆಯ ಮೇಲೆ ಬಿಳಿಯ ಪಟ್ಟಿಯಿರುವ ನಾಮದ ಕೋಳಿಗಳು ಬಂದಾಗ, "ನೋಡು, ತಿರುವಲ್ಲಿಕ್ಕೇಣಿಯ ಅಯ್ಯಂಗಾರರೂ ಬಂದರು" ಎಂದು ಹೆಂಡತಿಗೆ ತೋರಿಸಿ ಹಿಗ್ಗಿದರು. ಕಟ್ಟದ ಮೇಲೆ ಹುಲ್ಲು ಬೇರುಬಿಟ್ಟಿತು. ಅದನ್ನು ಕಡಿಯುವ ಯೋಚನೆ ಅವರಿಗೆ ಬರಲೇ ಇಲ್ಲ. ಗೂಡುಗಳಿರುವ ಕೆರೆಯನ್ನು ವರ್ಷಕ್ಕೊಮ್ಮೆ ಬರಿದು ಮಾಡುವುದು ಹೇಗೆ? ಕೋಡಿ ಇಡುವ ಯೋಚನೆಯೂ ಬರಲಿಲ್ಲ. ಆ ವರ್ಷಗಳಲ್ಲಿ ಮದರಾಸಿಗೆ ಮಳೆಯೇ ಕಡಿಮೆ. ಕೆರೆ ಅರ್ಧ ತುಂಬಿದರೆ ಹಬ್ಬ.

ಕಟ್ಟ ಎದ್ದ ಮೇಲೆ ಅದರ ಕೆಳಗಿನ ಹಳ್ಳ ಒಣಗಿತು. ಒಣನೆಲವೆಂದು ಅಲ್ಲಿ ಶೀಟಿನ ಮನೆಗಳು ಎದ್ದು ಒಂದು ಕೇರಿಯೇ ಆಯಿತು. ಹೋಟೆಲಿನ ಬಾಗಿಲಲ್ಲಿ ಹೂ ಮಾರುವ ಜಯಲಕ್ಷ್ಮೀ ಅಲ್ಲಿ ಮೊದಲು ಮನೆ ಕಟ್ಟಿದವಳು. "ಇದು ನೀರಿನ ದಾರಿಯಮ್ಮ" ಎಂದು ರಾಯರು ಅವಳಿಗೆ ಹೇಳಿದ್ದುಂಟು. ಅವಳು ನಕ್ಕಿದ್ದಳು. ನೀರನ್ನು ನೀವು ಹಿಡಿದಿಟ್ಟಿದ್ದೀರಲ್ಲ ಅಯ್ಯರೇ, ನಮಗೇನು ಎಂದಿದ್ದಳು.

*

ಹತ್ತನೆಯ ದಿನದ ಪಿಂಡವನ್ನು ಕೆರೆಯ ದಡದಲ್ಲೇ ಇಡುವುದೆಂದು ಸುಕೇಶ ಹೇಳಿದ. ಟಿ. ನಗರದಿಂದ ಹರಿಹರ ಭಟ್ಟರು ಬಂದರು. ಅಲ್ಲಿ ಕಾಗೆಗಳಿಗೇನೂ ಕಡಿಮೆಯಿರಲಿಲ್ಲ. ಜಾಲಿಯ ಮರದಲ್ಲಿ ಸಾಲಾಗಿ ಕೂತು, ಬಾಳೆಲೆಯ ಮೇಲಿನ ಪಿಂಡವನ್ನು ಓರೆಗಣ್ಣಿನಿಂದ ನೋಡಿದವು. ಒಂದೂ ಇಳಿಯಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಮೂಡಲ ಕಡೆ ಕಡಲಿನ ಮೇಲೆ ಮೋಡ ಕಟ್ಟತೊಡಗಿತ್ತು. ತಮಿಳರ ಐಪ್ಪಸಿ, ಮದರಾಸಿಗೆ ಮಳೆ ಬರುವ ತಿಂಗಳು. ದೀಪಾವಳಿ ಹತ್ತಿರದಲ್ಲಿತ್ತು.

"ಏನೋ ಆಸೆ ಉಳಿದಿದೆ. ಹೇಳಿಕೊಳ್ಳಿ" ಎಂದರು ಭಟ್ಟರು.

ಸುಕೇಶ ಕೈಮುಗಿದ. "ಹೋಟೆಲು ನಡೆಸಿಕೊಂಡು ಹೋಗ್ತೇನೆ, ಅಪ್ಪ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೇನೆ."

ಕಾಗೆ ಕದಲಲಿಲ್ಲ.

"ಕಾಪಿಗೆ ನೀರು ಬೆರೆಸುವುದಿಲ್ಲ ಅಂತಲೂ ಹೇಳಿ, ಸಣ್ಣ ಧಣಿ" ಎಂದ ಶೀನ. ಅಳುತ್ತಿದ್ದವರೂ ನಕ್ಕರು. ಸುಕೇಶ ಅದನ್ನೂ ಹೇಳಿದ. ಕಾಗೆ ಬೆನ್ನು ತಿರುಗಿಸಿ ಕೂತಿತು.

ನಗು ಬೇಗ ಆರಿತು. ಸುಕೇಶನ ಹೆಂಡತಿ ಪ್ರಣಮ್ಯಾ ಬಸುರಿ. ಅವಳು ಬಿಸಿಲಿಗೆ ಬಾಡಿ ಕೊಡೆಯ ಕೆಳಗೆ ನಿಂತಿದ್ದಳು. "ಅತ್ತೆ, ಮಾವನಿಗೆ ನಮ್ಮ ಮೇಲೆ ಕೋಪವಾ? ನನಗೆ ಹೆದರಿಕೆ ಆಗ್ತದೆ" ಎಂದು ಪಿಸುಗುಟ್ಟಿದಳು.

ಜಲಜಾಕ್ಷಮ್ಮನಿಗೆ ಗಂಡನ ಆಸೆ ಏನೆಂದು ಗೊತ್ತಿತ್ತು. ಇಷ್ಟು ಹೊತ್ತು ಅದನ್ನು ಬಾಯಿಂದ ಆಡದೆ ಹಲ್ಲು ಕಚ್ಚಿ ಹಿಡಿದಿದ್ದರು. ಸೋರುವ ಕಟ್ಟದ ಬಗ್ಗೆ ಮಾತು ಕೊಡುವುದು ಹೇಗೆ? ಆದರೆ ಎಲೆಯ ಮೇಲೆ ಅನ್ನ ಒಣಗುತ್ತಿತ್ತು. ಹಸಿದ ಜೀವ ಎದುರಿಗೆ ನಿಂತು ತನ್ನ ಮುಖವನ್ನೇ ನೋಡುತ್ತಿದೆ ಎಂದು ಅವರಿಗೆ ಅನಿಸಿತು. ತಡೆಯಲಾರದೆ ಅವರು ಮುಂದೆ ಬಂದರು.

"ನಿಮ್ಮ ಕಟ್ಟಕ್ಕೆ ನಾನಿರುವ ತನಕ ಯಾರೂ ಗುದ್ದಲಿ ತಾಗಿಸುವುದಿಲ್ಲ. ನಿಮ್ಮ ಮೀನು, ನಿಮ್ಮ ಹಕ್ಕಿ ಎಲ್ಲ ಇದ್ದ ಹಾಗೇ ಇರ್ತವೆ. ಇದು ನನ್ನ ಮಾತು. ಉಣ್ಣಿ."

ಮಾತು ಬಾಯಿಂದ ಬಿದ್ದದ್ದೇ ತಡ, ಒಂದು ಕಾಗೆ ಇಳಿದು ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಹಿಂದೆ ಉಳಿದವೆಲ್ಲ ಇಳಿದವು. "ನಾರಾಯಣ, ನಾರಾಯಣ" ಎಂದರು ಭಟ್ಟರು. ಸುಕೇಶ ಉಸಿರು ಬಿಟ್ಟ. ಎಲ್ಲರ ಮುಖವೂ ತಿಳಿಯಾಯಿತು. ಜಲಜಾಕ್ಷಮ್ಮ ಮಾತ್ರ ತಿರುಗಿ ಕಟ್ಟದ ಕಡೆಗೇ ನೋಡಿದರು.

ಅದೇ ಸಂಜೆ ಮಳೆ ಹಿಡಿಯಿತು.

*

ಮಳೆ ರಾತ್ರಿ ಬಿಡಲಿಲ್ಲ, ಬೆಳಿಗ್ಗೆಯೂ ಬಿಡಲಿಲ್ಲ. ಬಸ್ಸು ನಿಂತದ್ದರಿಂದ ಭಟ್ಟರು ಇವರ ಮನೆಯಲ್ಲೇ ಉಳಿದಿದ್ದರು. ಹನ್ನೊಂದನೆಯ ದಿನದ ಕೆಲಸ ಹೊಗೆಯ ನಡುವೆ ಕೆಮ್ಮುತ್ತ ಮುಗಿಯಿತು. ಹೋಟೆಲಿಗೆ ಬಾಗಿಲು ಹಾಕಿತ್ತು. ಕರೆಂಟು ಹೋಗಿ ಹಗಲೇ ದೀಪ ಹಚ್ಚಿದ್ದರು. ಬೀದಿಯ ನೀರು ಮೆಟ್ಟಿಲು ಮುಟ್ಟಿತ್ತು. ಜಲಜಾಕ್ಷಮ್ಮನ ವಯಸ್ಸಿನ ಯಾರೂ ಕಂಡಿರದಂಥ ಮಳೆ ಅದು.

ಜಲಜಾಕ್ಷಮ್ಮ ಭಟ್ಟರ ಎದುರು ಕೂತು ಮೆಲ್ಲನೆ ಕೇಳಿದರು. "ಭಟ್ರೇ, ಪಿಂಡದ ಎದುರು ಕೊಟ್ಟ ಮಾತಿಗೆ ತಪ್ಪಿದರೆ ಎಂತ ಆಗ್ತದೆ?"

"ಯಾಕೆ ಹಾಗೆ ಕೇಳ್ತೀರಿ?"

"ಸುಮ್ಮನೆ."

ಭಟ್ಟರು ಒಳ್ಳೆಯವರು, ಸುಳ್ಳು ಸಮಾಧಾನ ಹೇಳುವವರಲ್ಲ. "ನಾಳೆ ಸಪಿಂಡೀಕರಣ. ಆಮೇಲೆ ಅವರು ಪಿತೃಗಳ ಜತೆ ಸೇರಿದರು, ನೆಲೆಯಾಯಿತು. ಇವತ್ತು ಅವರಿಗೆ ಈ ಮನೆಯೂ ಇಲ್ಲ, ಆ ಊರೂ ಇಲ್ಲ. ದಾರಿಯ ಮೇಲಿದ್ದಾರೆ. ಹಸಿವೆ, ಬಾಯಾರಿಕೆ, ಆಸೆ ಎಲ್ಲ ಉಂಟು. ಇಂಥ ಹೊತ್ತಿನಲ್ಲಿ ಮಾತು ಮುರಿಯಬಾರದಮ್ಮ. ನಾಳೆ ಒಂದು ಕಳೆಯಲಿ."

ನಾಳೆ ಒಂದು ಕಳೆಯಲಿ. ಅವರು ಜಪದ ಹಾಗೆ ಅದನ್ನೇ ಹೇಳಿಕೊಂಡು ಸ್ವಲ್ಪ ಹೊತ್ತು ಕೂತರು. ಮಾಡಿನ ಮೇಲೆ ಮಳೆ ಇನ್ನೂ ಜೋರಾಯಿತು. ಒದ್ದೆ ಗೋಡೆಯ ಮೇಲೆ ಗಂಡನ ಕೈಗಳು ಕಂಡವು, ಮೊಣಕೈಯವರೆಗೆ ಮಣ್ಣಾದ ಕೈಗಳು. ಅವರು ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಶೀನ, ನಡೆ" ಎಂದರು.

ಸುಕೇಶ ಒಳಗೆ ಹೆಂಡತಿಯ ಹತ್ತಿರವಿದ್ದ. ಅವನಿಗೆ ಹೇಳಲಿಲ್ಲ.

ಹೋಗುವ ದಾರಿಯಲ್ಲಿ ಎಲ್ಲಿ ರಸ್ತೆ, ಎಲ್ಲಿ ಚರಂಡಿ ಗೊತ್ತಾಗುವಂತಿರಲಿಲ್ಲ. ಶೀನ ಕೋಲು ಊರಿ ಮುಂದೆ ನಡೆದ. ಜಲಜಾಕ್ಷಮ್ಮ ಅವನ ಹೆಗಲು ಹಿಡಿದು ಸೊಂಟದವರೆಗಿನ ನೀರಿನಲ್ಲಿ ಹಿಂದೆ ಹೋದರು. ಕಟ್ಟ ಹತ್ತಿ ನಿಂತು ನೋಡಿದರು. ಕೆರೆ ಕೆರೆಯಾಗಿ ಉಳಿದಿರಲಿಲ್ಲ. ಕಣ್ಣು ಹೋದಷ್ಟು ದೂರ ಬೂದು ನೀರು. ನೆತ್ತಿಗೆ ಇನ್ನೊಂದು ಗೇಣು ಉಳಿದಿತ್ತು, ಅಷ್ಟೇ. ಗಾಳಿ ಬೀಸಿದಾಗಲೆಲ್ಲ ಒಂದು ಅಲೆ ಹುಲ್ಲನ್ನು ನೆಕ್ಕಿ ಹಿಂದೆ ಹೋಗುತ್ತಿತ್ತು. ಈಚೆ ಬದಿಯಲ್ಲಿ, ಕಾಲ ಕೆಳಗೆ ಆಳದಲ್ಲಿ, ಕೇರಿಯ ಶೀಟಿನ ಮಾಡುಗಳು. ನೀರಿನ ಮಟ್ಟ ಆ ಮಾಡುಗಳಿಗಿಂತ ಎತ್ತರದಲ್ಲಿತ್ತು.

ರಾಯರು ಬಿದ್ದಿದ್ದ ಇಳಿಜಾರಿಗೆ ಅವರು ಕೂತುಕೊಂಡೇ ಜಾರಿದರು. ಅಲ್ಲಿ ಹೆಬ್ಬೆರಳು ಗಾತ್ರದ ಒಂದು ಊಟೆ ಚಿಮ್ಮುತ್ತಿತ್ತು. ಅಂಗೈ ಒಡ್ಡಿ ನೀರು ಹಿಡಿದು ನೋಡಿದರು. ತಿಳಿನೀರಾಗಿದ್ದರೆ ಅಷ್ಟು ಅಂಜಬೇಕಿರಲಿಲ್ಲ. ಇದು ಕದಡಿತ್ತು. ಕಟ್ಟದ ಹೊಟ್ಟೆಯ ಮಣ್ಣನ್ನೇ ಕರಗಿಸಿಕೊಂಡು ಬರುತ್ತಿತ್ತು.

"ಗೋಣಿ ತುರುಕಿದರೆ ನಿಲ್ತದೆ" ಎಂದ ಶೀನ. "ನಾವು ತುಳಿದ ಮಣ್ಣು ಅಮ್ಮ, ಧಣಿಗಳ ಕೈಯ ಕಟ್ಟ. ಇದು ಹೋಗ್ಲಿಕ್ಕಿಲ್ಲ."

ಹುಲ್ಲು ಸುತ್ತಿದ ಗೋಣಿಯನ್ನು ಅವನು ತುರುಕಿ ಹೆಗಲು ಕೊಟ್ಟು ಒತ್ತಿದ. ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ ಒಂದು ಮಾರು ಆಚೆ ನೆಲ ಉಬ್ಬಿ ಇನ್ನೊಂದು ಊಟೆ ಎದ್ದಿತು. ಮರುಕ್ಷಣ ಗೋಣಿಯೂ ಅವನ ಎದೆಗೆ ಹೊಡೆದು ಹೊರಗೆ ಬಿತ್ತು. ಶೀನ ಮಣ್ಣಿನಲ್ಲಿ ಕೂತುಬಿಟ್ಟ.

ಜಲಜಾಕ್ಷಮ್ಮ ಕೇರಿಗೆ ಇಳಿದರು. ಜಯಲಕ್ಷ್ಮೀ ಬಾಗಿಲಲ್ಲಿ ನಿಂತು ಒಳಗೆ ಬಂದ ನೀರನ್ನು ಪಾತ್ರೆಯಿಂದ ಹೊರಗೆ ಚೆಲ್ಲುತ್ತಿದ್ದಳು. ಮಂಚದ ಮೇಲೆ ಸೊಂಟ ಮುರಿದ ಅತ್ತೆ. ಅವಳ ಕಾಲ ಬಳಿ ಇಬ್ಬರು ಮಕ್ಕಳು ಮುದುಡಿ ಕೂತಿದ್ದರು.

"ಎಲ್ಲರೂ ಏಳಿ. ಕಟ್ಟ ಒಡೀತದೆ. ಮಕ್ಕಳನ್ನು ಎತ್ತಿಕೋ!"

"ಎಂಗ ಪೋಗ, ಮಾಮಿ?" ಎಂದಳು ಜಯಲಕ್ಷ್ಮೀ. ಎಲ್ಲಿಗೆ ಹೋಗುವುದು? ರಸ್ತೆಯಲ್ಲಿ ಸೊಂಟದವರೆಗೆ ನೀರು, ಅತ್ತೆಯನ್ನು ಹೊರುವವರಾರು, ಗಂಡ ಆಟೋ ತೆಗೆದುಕೊಂಡು ಹೋದವನು ನಿನ್ನೆಯಿಂದ ಬಂದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಈ ಮುದುಕಿಗೇ ಧೈರ್ಯ ಹೇಳುವವಳ ಹಾಗೆ ಕೈ ಹಿಡಿದಳು. "ಅಯ್ಯರ್ ಕಟ್ಟಿನ ಕರೈ, ಮಾಮಿ. ಅದು ನಿಕ್ಕುಂ."

ಅಯ್ಯರು ಕಟ್ಟಿದ ಒಡ್ಡು, ನಿಲ್ಲುತ್ತದೆ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಅವರ ನಂಬಿಕೆ ಕಂಡು ಜಲಜಾಕ್ಷಮ್ಮ ಕೈ ಬಿಡಿಸಿಕೊಂಡರು. ಇವರು ಏಳುವವರಲ್ಲ. ಎದ್ದರೂ ಹೋಗಲು ಜಾಗವಿಲ್ಲ.

ಇನ್ನು ಉಳಿದದ್ದು ಒಂದೇ. ಕಟ್ಟದ ಬಡಗು ತುದಿಯಲ್ಲಿ ನೆಲ ಜವುಗಿನ ಕಡೆಗೆ ಇಳಿದಿತ್ತು. ಅಲ್ಲಿ ಕಡಿದರೆ ನೀರು ಕೇರಿಯನ್ನು ಬಳಸಿಕೊಂಡು ಜವುಗಿಗೆ ಹೋಗುತ್ತದೆ. ಜೊಂಡು ಬೆಳೆದು ಜಂಬುಕೋಳಿಗಳು ಗೂಡು ಮಾಡಿದ್ದೂ ಆ ತುದಿಯಲ್ಲೇ.

ಅವರು ಮತ್ತೆ ಕಟ್ಟ ಹತ್ತುವಾಗ ಸುಕೇಶ ಎದುರಿಗೆ ಬಂದ. ಕೊಡೆ ಗಾಳಿಗೆ ಮಗುಚಿಹೋಗಿತ್ತು.

"ಅಮ್ಮ, ನಿನಗೆ ತಲೆ ಸರಿ ಉಂಟಾ? ಯಾರಿಗೂ ಹೇಳದೆ ಇಲ್ಲಿಗೆ ಬರುವುದಾ?"

"ಗುದ್ದಲಿ ಎಲ್ಲಿಟ್ಟಿದ್ದಾರೆ ನಿನ್ನ ಅಪ್ಪ?"

"ಗುದ್ದಲಿ ಎಂತಕ್ಕೆ?"

"ಕಟ್ಟ ಕಡೀಬೇಕು."

ಸುಕೇಶನ ಮುಖದ ಬಣ್ಣ ಇಳಿಯಿತು. ಹೋದ ತಿಂಗಳು ಈ ನೆಲವನ್ನು ಫ್ಲಾಟಿನವರಿಗೆ ಕೊಡೋಣ ಎಂದು ಅಪ್ಪನ ಹತ್ತಿರ ಜಗಳವಾಡಿದವನು ಅವನೇ. ಈಗ ಎರಡು ಕೈ ಚಾಚಿ ದಾರಿಗೆ ಅಡ್ಡ ನಿಂತ.

"ಬೇಡ, ಅಮ್ಮ. ನಿನ್ನೆ ನೀನೇ ಮಾತು ಕೊಟ್ಟದ್ದು. ಆ ಮಾತಿಗೇ ಅಪ್ಪ ಉಂಡದ್ದು. ಉಂಡ ಅನ್ನ ಆರುವ ಮೊದಲು ಮೋಸ ಮಾಡುವುದಾ? ಪ್ರಣಮ್ಯಾ ಬಸುರಿ, ಅಮ್ಮ. ಅಪ್ಪ ಇವತ್ತು ಹೇಗಿದ್ದಾರೆ, ಎಲ್ಲಿದ್ದಾರೆ ನಮಗೆ ಗೊತ್ತಿಲ್ಲ. ನಾಳೆ ಸಪಿಂಡಿ ಆಗಲಿ. ನಾಳೆ ನಾನೇ ಕಡೀತೇನೆ."

"ನಾಳೆ ಈ ಕೇರಿ ಇರುವುದಿಲ್ಲ, ಮಗಾ."

"ಅಪ್ಪನ ಕಟ್ಟ ಅದು!"

"ಅಪ್ಪನ ಕಟ್ಟವೇ. ಊರಲ್ಲಾದರೆ ಮಳೆಗೆ ಮೊದಲು ಅವರೇ ಹೋಗಿ ಕಡೀತಿದ್ದರು, ಗೊತ್ತುಂಟಾ ನಿನಗೆ? ನೀನು ಇಲ್ಲಿ ಹುಟ್ಟಿದವ, ನೋಡಿಲ್ಲ. ಇಲ್ಲಿ ಪ್ರೀತಿ ಜಾಸ್ತಿಯಾಗಿ ಕಡೀಲಿಕ್ಕೆ ಮನಸ್ಸು ಬರಲಿಲ್ಲ ಅವರಿಗೆ. ಬಾ, ಇಲ್ಲಿ ನೋಡು. ನಿನ್ನ ಅಪ್ಪನ ಉಸಿರು ಹೋದದ್ದು ಎಂತ ಮಾಡ್ತಾ ಅಂತ ನೋಡು."

ಅವನನ್ನು ಕೈಹಿಡಿದು ಎಳೆದು ಊಟೆಯ ಎದುರು ನಿಲ್ಲಿಸಿದರು. ಈಗ ಅದು ತೋಳಿನ ಗಾತ್ರವಾಗಿತ್ತು. ಸುಕೇಶ ನೋಡಿದ. ಕೆಳಗೆ ಕೇರಿಯನ್ನು ನೋಡಿದ. ಅಡ್ಡ ನಿಂತ ಕೈ ಕೆಳಗಿಳಿಯಿತು, ಆದರೆ ಗುದ್ದಲಿ ಹಿಡಿಯಲು ಏಳಲಿಲ್ಲ. "ನನ್ನಿಂದಾಗುವುದಿಲ್ಲ, ಅಮ್ಮ" ಎಂದ.

"ನೀನು ಹಿಡಿಯಬೇಡ. ಮಾತು ಕೊಟ್ಟವಳು ನಾನು. ಮುರಿದ ಪಾಪವೂ ನನ್ನದೇ. ನಿನ್ನ ಹೆಂಡತಿಗೂ ಮಗುವಿಗೂ ಅದು ಮುಟ್ಟಬಾರದು." ಅವರು ಶೀನನ ಕಡೆ ತಿರುಗಿದರು. "ಮೊದಲ ಪೆಟ್ಟು ನಾನು ಹಾಕ್ತೇನೆ. ಆಮೇಲೆ ನೀನು ಹಿಡಿ."

ಗುದ್ದಲಿ ಜಾಲಿಯ ಬುಡದಲ್ಲಿ ಗೋಣಿಯ ಅಡಿಗಿತ್ತು. ಅದರ ಹಿಡಿ ರಾಯರ ಅಂಗೈ ತಾಗಿ ತಾಗಿ ನಯವಾಗಿತ್ತು. ಅದನ್ನು ಹಿಡಿದಾಗ ಜಲಜಾಕ್ಷಮ್ಮನಿಗೆ ಹಿಂದಿನಿಂದ ಯಾರೋ ತನ್ನ ಮೊಣಕೈ ಹಿಡಿದು ಎಳೆದಂತಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನೋಡಿದರೆ ನಿಂತುಬಿಡುತ್ತೇನೆಂದು ಅವರಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಬಡಗು ತುದಿಯಲ್ಲಿ ಎತ್ತಿ ಹಾಕಿದರು.

ತುಳಿದು ಗಟ್ಟಿ ಮಾಡಿದ ಮಣ್ಣು. ಗುದ್ದಲಿ ಕಲ್ಲಿಗೆ ಬಡಿದಂತೆ ಹಿಂದಕ್ಕೆ ಎಗರಿತು. ಇಷ್ಟು ಗಟ್ಟಿ ಕಟ್ಟಿದ್ದೀರಾ ನೀವು, ಇಷ್ಟು ಗಟ್ಟಿಯಾ ಎಂದು ಅವರು ಅಳುತ್ತ ಇನ್ನೊಂದು ಪೆಟ್ಟು ಹಾಕಿದರು, ಮತ್ತೊಂದು ಹಾಕಿದರು. ಶೀನ ಬಂದು ಗುದ್ದಲಿ ಕಸಿದುಕೊಂಡ. ಅವನೂ ಅಳುತ್ತಿದ್ದ. ಕಾಲುವೆ ಒಂದು ಮೊಳ ಅಗಲವಾಗುವ ಹೊತ್ತಿಗೆ ನೀರಿಗೆ ದಾರಿ ಸಿಕ್ಕಿತು.

ಮೊದಲು ತೆಳ್ಳಗೆ ಹರಿಯಿತು. ಆಮೇಲೆ ಎರಡು ಬದಿಯ ಮಣ್ಣು ಬೆಲ್ಲದ ಹಾಗೆ ಕರಗತೊಡಗಿತು. ದಡದ ದೊಡ್ಡ ಹೆಂಟೆಗಳು ಧೊಪ್ಪೆಂದು ಬಿದ್ದು ಕೊಚ್ಚಿಹೋದವು. ಶೀನ ಹಾರಿ ಹಿಂದೆ ಬಂದ. ಕಾಲ ಕೆಳಗಿನ ಕಟ್ಟ ನಡುಗಿತು. ಕಡಿದ ಬಾಯಿ ಅಗಲವಾಗುತ್ತ ಇವರ ಕಡೆಗೇ ಬರುತ್ತಿತ್ತು. ಹೀಗೇ ತಿನ್ನುತ್ತ ಬಂದರೆ ಕಟ್ಟವಿಡೀ ಹೋಗುತ್ತದೆ, ಕೇರಿಯನ್ನು ಉಳಿಸಲು ಹೋಗಿ ನಾನೇ ಮುಳುಗಿಸಿದೆನೇ ಎಂದು ಜಲಜಾಕ್ಷಮ್ಮ ಮಗನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಕೆಳಗಿನಿಂದ ಹೆಂಗಸರ ಕೂಗು ಕೇಳಿಸಿತು. ಒಂದು ಕವಲು ಕೇರಿಗೂ ನುಗ್ಗಿತ್ತು. ಪಾತ್ರೆಗಳು, ಪ್ಲಾಸ್ಟಿಕ್ ಕೊಡಗಳು ತೇಲಿ ಹೊರಗೆ ಬಂದವು.

ಸುಕೇಶ ಅಂಗಿ ಬಿಡಿಸಿಕೊಂಡು ಕೆಳಗೆ ಓಡಿದ. ಜಯಲಕ್ಷ್ಮಿಯ ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಮಗುವೊಂದನ್ನು ಕಂಕುಳಲ್ಲಿ ಇರುಕಿಕೊಂಡು, ತೆಂಕು ಬದಿಯ ದಿಬ್ಬ ಹತ್ತಿದ್ದನ್ನು ಜಲಜಾಕ್ಷಮ್ಮ ಮಳೆಯ ಪರದೆಯ ಹಿಂದಿನಿಂದ ಕಂಡರು.

ಜೊಂಡು ಬೇರುಸಮೇತ ಕಿತ್ತುಬಂತು. ಅದರ ಮೇಲೆ ಗೂಡುಗಳಿದ್ದವು. ಜಂಬುಕೋಳಿಗಳು ನೀರಿನ ಮೇಲೆ ಸುತ್ತು ಹಾಕಿ ಚೀರಿದವು. ಗೂಡುಗಳು ಬಾಯಿಯವರೆಗೆ ಬಂದು, ಒಂದು ಸಲ ಗಿರ್ರನೆ ತಿರುಗಿ, ಕೆಳಗೆ ಹೋದವು. ಮೀನುಗಳು ಬೆಳ್ಳಗೆ ಹೊಳೆಯುತ್ತ ನೀರಿನ ಜತೆ ಹಾರಿ ಹೋದವು. ಯಾವುದು ಜವುಗು ಸೇರಿತೋ, ಯಾವುದು ರಸ್ತೆಯಲ್ಲಿ ಬಿತ್ತೋ! ಜಲಜಾಕ್ಷಮ್ಮ ಮುಖ ತಿರುಗಿಸಲಿಲ್ಲ. ಕಡಿದವಳು ನೋಡಲೂ ಬೇಕು ಎಂದು ನೋಡುತ್ತ ನಿಂತರು.

ಎಷ್ಟೋ ಹೊತ್ತಿನ ಮೇಲೆ ಬಾಯಿ ಅಗಲವಾಗುವುದು ನಿಂತಿತು. ಕೆರೆಯ ಮಟ್ಟ ಇಳಿಯಿತು. ಶೀನ ತಡವರಿಸುತ್ತ ಇಳಿಜಾರಿಗೆ ಹೋಗಿ ಬಂದು, "ಊಟೆ ನಿಂತಿತು, ಅಮ್ಮ" ಎಂದ. ಕೇರಿಯಲ್ಲಿ ಮೊಣಕಾಲುದ್ದದ ನೀರು. ಎರಡು ಗೋಡೆ ಬಿದ್ದಿದ್ದವು. ಯಾರ ಜೀವವೂ ಹೋಗಲಿಲ್ಲ. ದಿಬ್ಬದ ಮೇಲಿನಿಂದ ಜಯಲಕ್ಷ್ಮೀ ಬೈಯುತ್ತಿದ್ದಳು. ಅಯ್ಯರು ಸತ್ತು ಎರಡು ವಾರವಾಗಲಿಲ್ಲ, ಅವರ ಒಡ್ಡನ್ನು ಒಡೆದು ನಮ್ಮ ಪಾತ್ರೆಪಡಗವನ್ನೆಲ್ಲ ನೀರುಪಾಲು ಮಾಡಿದಿರಲ್ಲ ಎಂದು ಎದೆ ಬಡಿದುಕೊಂಡು ಬೈಯುತ್ತಿದ್ದಳು. ಬೈಯಲು ಅವಳು ಉಳಿದಿದ್ದಾಳಲ್ಲ, ಜಲಜಾಕ್ಷಮ್ಮನಿಗೆ ಅಷ್ಟು ಸಾಕೆನಿಸಿತು.

ಮಳೆ ಸಣ್ಣದಾಗಿತ್ತು. ಸುಕೇಶ ಮೇಲೆ ಬಂದು ತಾಯಿಯ ಪಕ್ಕದಲ್ಲಿ ನಿಂತ. ಮೈಯೆಲ್ಲ ಕೆಸರು. "ಭಟ್ಟರಿಗೆ ಹೇಳಬೇಕಾ, ಅಮ್ಮ?" ಎಂದು ಮೆಲ್ಲನೆ ಕೇಳಿದ.

"ನಾನೇ ಹೇಳ್ತೇನೆ. ನಾಳೆ ಕೂತು ಸಪಿಂಡಿ ಸರಿಯಾಗಿ ಮಾಡು. ಒಂದು ಮಂತ್ರವನ್ನೂ ಬಿಡಬೇಡ."

"ಅಪ್ಪನಿಗೆ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ.

"ಗೊತ್ತಿಲ್ಲ, ಮಗಾ. ನನಗೂ ಗೊತ್ತಿಲ್ಲ."

ಅವರ ಹೆದರಿಕೆ ಕಡಿಮೆಯಾಗಿರಲಿಲ್ಲ. ನೀರಿನ ಹೆದರಿಕೆ ಇಳಿದ ಜಾಗಕ್ಕೆ ಇನ್ನೊಂದು ಬಂದು ತುಂಬಿತ್ತು. ಇವತ್ತು ಸಂಜೆ ದಾರಿಯ ಮೇಲಿರುವ ಆ ಜೀವ ಹಿಂದೆ ತಿರುಗಿ ನೋಡಿ, ಬರಿದಾದ ಕೆರೆಯನ್ನು ಕಂಡು, ಅಲ್ಲೇ ನಿಂತುಬಿಟ್ಟರೆ? ಮುಂದೆ ಹೋಗಲು ಮನಸ್ಸಾಗದೆ ಈ ಗಾಳಿಯಲ್ಲೇ ಅಲೆದರೆ? ಅವರು ಒದ್ದೆ ಸೆರಗನ್ನು ತಲೆಗೆ ಹೊದ್ದು, ಕೆಸರಿನಲ್ಲೇ ಮಂಡಿಯೂರಿ, ತೆಂಕಕ್ಕೆ ಮುಖ ಮಾಡಿ ಕೈಮುಗಿದರು. ಬಾಯಿಗೆ ಬರುತ್ತಿದ್ದ ಸ್ತೋತ್ರವೆಲ್ಲ ಮರೆತುಹೋಗಿತ್ತು. ಬರೀ ಮಾತು ಉಳಿದಿತ್ತು.

"ಕೃಷ್ಣಾ, ನಾರಾಯಣಾ, ಮಾತು ಕೊಟ್ಟು ತಪ್ಪಿದವಳು ನಾನು. ಶಿಕ್ಷೆ ಉಂಟಾದರೆ ನನ್ನ ಹೆಸರಿಗೆ ಬರಲಿ, ಇವರ ದಾರಿಗೆ ಅಡ್ಡ ಬಾರದಿರಲಿ. ಇವರು ಯಾರಿಗೂ ಕೇಡು ಬಗೆದವರಲ್ಲ. ಮೀನಿಗೆ ನೀರು ಕೊಟ್ಟರು, ಹಕ್ಕಿಗೆ ಜಾಗ ಕೊಟ್ಟರು, ಹಸಿದು ಬಂದವನಿಗೆ ಅನ್ನ ಹಾಕಿದರು. ಇವರ ಮನಸ್ಸು ಇಲ್ಲಿ ಸಿಕ್ಕಿಕೊಂಡಿದ್ದರೆ ನೀನೇ ಕೈಹಿಡಿದು ಬಿಡಿಸಿಕೋ, ತಂದೆ. ದಾರಿಯಲ್ಲಿ ಬಾಯಾರದ ಹಾಗೆ ನೋಡಿಕೋ. ಹಿರಿಯರ ಪಂಕ್ತಿಯಲ್ಲಿ ಇವರಿಗೊಂದು ಎಲೆ ಹಾಕಿಸು. ನಿನ್ನ ಪಾದದ ಹತ್ತಿರ ಇವರಿಗೆ ಶಾಂತಿ ಸಿಗಲಿ."